ವಿಶ್ವವಿದ್ಯಾಲಯದ ಕ್ಯಾನ್ಸರ್ ಆಸ್ಪತ್ರೆಗೆ ಹೋದರೆ ನಮ್ಮ ಮೇಲೆ ಪ್ರಯೋಗ ಮಾಡ್ತಾರಾ?

ಓದುಗರ ಪ್ರಶ್ನೆ: ಅಮ್ಮನಿಗೆ ಕ್ಯಾನ್ಸರ್ ಅಂತ ಗೊತ್ತಾಗಿದೆ. ನಮ್ಮ ಡಾಕ್ಟರು ವಿಶ್ವವಿದ್ಯಾಲಯದ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಕೇಂದ್ರಕ್ಕೆ ಚೀಟಿ ಬರೆದುಕೊಟ್ಟಿದ್ದಾರೆ. ಸಂಶೋಧನೆ ಅಂದಮೇಲೆ ಹೊಸ ಔಷಧಿ ಹಾಕಿ ನೋಡ್ತಾರೆ ಅಲ್ವಾ? ಹೋಗೋದಾ, ಬೇಡವಾ?

ಹೋಗಿ. ತಡ ಮಾಡಬೇಡಿ. ಉತ್ತರ ಇಷ್ಟೇ. ಆದರೆ ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇದೆ, ನಾನೂ ಹೇಳುತ್ತಲೇ ಇದ್ದೇನೆ, ಹಾಗಾಗಿ ಈ ಸಲ ಬುಡದಿಂದಲೇ ಹೇಳಿಬಿಡುತ್ತೇನೆ.

ಇಂಥ ಕೇಂದ್ರಕ್ಕೆ ಬರುವ ಹೆಚ್ಚಿನವರಿಗೆ ಸಿಗುವುದು ಈಗಾಗಲೇ ಪರೀಕ್ಷೆ ದಾಟಿ ಬಂದ ಚಿಕಿತ್ಸೆಯೇ. ಅದೇ ಆಪರೇಷನ್, ಅದೇ ಕೀಮೋ, ಅದೇ ರೇಡಿಯೇಷನ್. ಹೆಚ್ಚಿಗೆ ಸಿಗುವುದೇನು ಅಂದರೆ, ಸರ್ಜನ್, ಕೀಮೋ ಡಾಕ್ಟರು, ರೇಡಿಯೇಷನ್ ಡಾಕ್ಟರು, ಗಡ್ಡೆಯ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪೆಥಾಲಜಿಸ್ಟ್ ಎಲ್ಲ ಒಟ್ಟಿಗೆ ಕೂತು ನಿಮ್ಮ ಅಮ್ಮನ ಸ್ಕ್ಯಾನ್ ನೋಡಿ, ಯಾವುದು ಮೊದಲು ಯಾವುದು ಆಮೇಲೆ ಅಂತ ಮಾತಾಡಿಕೊಳ್ಳುತ್ತಾರೆ. ಇದಕ್ಕೆ ಟ್ಯೂಮರ್ ಬೋರ್ಡ್ ಅನ್ನುತ್ತಾರೆ. ಅಪರೂಪದ ಕ್ಯಾನ್ಸರ್ ಆಗಿದ್ದರಂತೂ ಅದನ್ನು ಮೊದಲೂ ನೋಡಿದ ಕಣ್ಣುಗಳು ಇಂಥ ಕಡೆಯೇ ಜಾಸ್ತಿ.

ಈಗ ಆ ಹಠಮಾರಿ ನಂಬಿಕೆಗೆ ಬರೋಣ. 'ನಮಗೆ ಗೊತ್ತಿಲ್ಲದ ಹಾಗೆ ಪ್ರಯೋಗ ಮಾಡಿಬಿಡ್ತಾರೆ.' ಈ ಭಯ ಸುಮ್ನೆ ಹುಟ್ಟಿದ್ದಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ ಕಪ್ಪು ಜನರಿಗೆ ರೋಗ ಏನೆಂದು ಸರಿಯಾಗಿ ಹೇಳದೆ, ಪೆನಿಸಿಲಿನ್ ಬಂದಮೇಲೂ ಅದನ್ನು ಕೊಡದೆ, ರೋಗ ಹೇಗೆ ಬೆಳೆಯುತ್ತದೆ ಅಂತ ನೋಡುತ್ತಾ ಕೂತಿದ್ದರು. ಕೈದಿಗಳ ಮೇಲೆ ಬಲವಂತದ ಪ್ರಯೋಗ ಮಾಡಿದ್ದ ನಾಜಿ ಡಾಕ್ಟರುಗಳ ವಿಚಾರಣೆ ಮುಗಿದಾಗ, 1947ರಲ್ಲಿ, ನ್ಯೂರೆಂಬರ್ಗ್ ಸಂಹಿತೆ ಬಂತು. ಅದರ ಮೊದಲನೇ ಅಂಶವೇ ರೋಗಿ ಮನಸಾರೆ ಕೊಟ್ಟ ಒಪ್ಪಿಗೆ ಬೇಕೇ ಬೇಕು ಅನ್ನುವುದು. 1964ರಲ್ಲಿ ಮನುಷ್ಯರ ಮೇಲಿನ ಸಂಶೋಧನೆಗೆ ವೈದ್ಯರೇ ಹಾಕಿಕೊಂಡ ನಿಯಮಗಳು, ಹೆಲ್ಸಿಂಕಿ ಘೋಷಣೆ, ಬಂತು. ಇವತ್ತು ಟ್ರಯಲ್, ಅಂದರೆ ರೋಗಿಗಳಲ್ಲಿ ಚಿಕಿತ್ಸೆಯನ್ನು ಪರೀಕ್ಷಿಸಿ ನೋಡುವ ಕೆಲಸ, ಶುರು ಮಾಡುವ ಮೊದಲು ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿ ಒಪ್ಪಬೇಕು, ಆಮೇಲೆ ರೋಗಿ ಒಪ್ಪಬೇಕು. ಒಪ್ಪಿಗೆ ಪತ್ರ ಪುಟಗಟ್ಟಲೆ ಇರುತ್ತದೆ. ಅದನ್ನು ಮನೆಗೆ ತಂದು ಓದಬಹುದು, ಇನ್ನೊಬ್ಬ ಡಾಕ್ಟರಿಗೆ ತೋರಿಸಬಹುದು, ಬೇಡ ಅನ್ನಬಹುದು, ಸೇರಿದ ಮೇಲೂ ಕಾರಣ ಕೊಡದೆ ಹೊರಗೆ ಬರಬಹುದು. ಹೊರಗೆ ಬಂದಿರಿ ಅಂತ ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ.

'ಸರಿ, ಸಹಿ ಹಾಕಿದ್ವಿ ಅಂತಿಟ್ಕೊಳ್ಳಿ, ಅರ್ಧ ಜನಕ್ಕೆ ಸಕ್ಕರೆ ಮಾತ್ರೆ ಕೊಡ್ತಾರಂತಲ್ಲ?' ಇದು ಮುಂದಿನ ಪ್ರಶ್ನೆ, ಯಾವಾಗಲೂ. ಕ್ಯಾನ್ಸರ್‌ನಲ್ಲಿ ಕೆಲಸ ಮಾಡುವ ಚಿಕಿತ್ಸೆ ಇರುವಾಗ ಅದನ್ನು ಕಿತ್ತುಕೊಂಡು ಖಾಲಿ ಮಾತ್ರೆ ಕೊಡುವುದಿಲ್ಲ. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ, ಇನ್ನೊಂದಕ್ಕೆ ಹೊಸದು. ಖಾಲಿ ಮಾತ್ರೆ ಇದ್ದರೂ ಸಾಮಾನ್ಯವಾಗಿ ಅದು ಮಾಮೂಲಿ ಚಿಕಿತ್ಸೆಯ ಜೊತೆಗೆ ಇರುತ್ತದೆ, ಅದರ ಬದಲಿಗೆ ಅಲ್ಲ. ಖಾಲಿ ಮಾತ್ರೆ ಬಳಸುವುದಾದರೆ ಒಪ್ಪಿಗೆ ಪತ್ರದಲ್ಲೇ ಬರೆದಿರಬೇಕು. ಯಾರು ಯಾವ ಗುಂಪಿಗೆ ಅಂತ ಕಂಪ್ಯೂಟರ್ ಚೀಟಿ ಎತ್ತುತ್ತದೆ. ಡಾಕ್ಟರ ಕೈಗೆ ಬಿಟ್ಟರೆ ಗಟ್ಟಿಮುಟ್ಟಾದ ರೋಗಿಗಳನ್ನೆಲ್ಲ ಗೊತ್ತಿಲ್ಲದೆಯೇ ಹೊಸ ಔಷಧಿಯ ಕಡೆ ಸೇರಿಸಿಬಿಡುತ್ತಾರೆ, ಆಮೇಲೆ ಗೆದ್ದಿದ್ದು ಔಷಧಿಯೋ ದೇಹವೋ ಗೊತ್ತಾಗುವುದೇ ಇಲ್ಲ.

ಟ್ರಯಲ್ ಬೇಡ, ಡಾಕ್ಟರಿಗೆ ಸರಿ ಅನಿಸಿದ್ದೇ ಸಾಕು ಅನ್ನುವವರು ಸ್ತನ ಕ್ಯಾನ್ಸರ್‌ನ ಕಥೆ ಕೇಳಬೇಕು. ಹಾಲ್ಸ್ಟೆಡ್ ಎಂಬ ದೊಡ್ಡ ಸರ್ಜನ್ 19ನೇ ಶತಮಾನದ ಕೊನೆಯಲ್ಲಿ ಒಂದು ಆಪರೇಷನ್ ರೂಢಿಗೆ ತಂದ. ಸ್ತನ, ಅದರ ಕೆಳಗಿನ ಎದೆಯ ಸ್ನಾಯು, ಕಂಕುಳಿನ ಗಂಟುಗಳು, ಎಲ್ಲ ತೆಗೆಯುವುದು. ಮುಕ್ಕಾಲು ಶತಮಾನ ಹೆಂಗಸರು ಅದನ್ನು ಅನುಭವಿಸಿದರು. ಆಗಿನ ಡಾಕ್ಟರಿಗೆ ಅದೇ ಸರಿ ಅನಿಸಿತ್ತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಬರ್ನಾರ್ಡ್ ಫಿಶರ್ ಅದನ್ನು ಟ್ರಯಲ್‌ಗೆ ಒಡ್ಡಿದರು. 1976ರಲ್ಲಿ ಶುರುವಾದ ಒಂದು ಟ್ರಯಲ್‌ನಲ್ಲಿ 1,851 ಹೆಂಗಸರನ್ನು 20 ವರ್ಷ ಗಮನಿಸಿದರು. ಗಡ್ಡೆ ಮಾತ್ರ ತೆಗೆಸಿಕೊಂಡು ರೇಡಿಯೇಷನ್ ಪಡೆದವರೂ, ಪೂರ್ತಿ ಸ್ತನ ತೆಗೆಸಿಕೊಂಡವರೂ ಅಷ್ಟೇ ಕಾಲ ಬದುಕಿದ್ದರು. 2002ರಲ್ಲಿ ಆ 20 ವರ್ಷದ ಲೆಕ್ಕ ಪ್ರಕಟವಾಯಿತು. ಇವತ್ತು ಎಷ್ಟೋ ಜನ ಸ್ತನ ಉಳಿಸಿಕೊಂಡು ಮನೆಗೆ ಬರುತ್ತಿದ್ದಾರೆ ಅಂದರೆ, ಅದು ಆ ಹೆಂಗಸರು ಹಾಕಿದ ಸಹಿಯಿಂದ.

ಇದರ ಉಲ್ಟಾ ಕಥೆಯೂ ಇದೆ. 1990ರ ದಶಕದಲ್ಲಿ ಸ್ತನ ಕ್ಯಾನ್ಸರ್‌ಗೆ ಅತಿ ಜಾಸ್ತಿ ಕೀಮೋ ಕೊಟ್ಟು, ಆಮೇಲೆ ರೋಗಿಯದೇ ಮಜ್ಜೆಯನ್ನು ವಾಪಸ್ ಹಾಕುವ ಚಿಕಿತ್ಸೆಗೆ ಅಮೆರಿಕದಲ್ಲಿ ಭಾರಿ ಬೇಡಿಕೆ ಬಂತು. ಚೀಟಿ ಎತ್ತುವುದು ಬೇಡ, ಅದನ್ನೇ ಕೊಡಿ ಅಂತ ಸಾವಿರಾರು ಜನ ಟ್ರಯಲ್‌ನ ಹೊರಗೇ ಮಾಡಿಸಿಕೊಂಡರು. ಟ್ರಯಲ್‌ಗೆ ಜನ ಸಿಗದೆ ವರ್ಷಗಳೇ ಹೋದವು. 1999ರಲ್ಲಿ ಫಲಿತಾಂಶಗಳು ಬಂದಾಗ ಆಯುಸ್ಸೇನೂ ಜಾಸ್ತಿ ಆಗಿರಲಿಲ್ಲ. ಲಾಭ ಇದೆ ಅಂದಿದ್ದ ಒಂದೇ ಒಂದು ಟ್ರಯಲ್, ದಕ್ಷಿಣ ಆಫ್ರಿಕಾದ್ದು, ಮೋಸ ಅಂತ ಮುಂದಿನ ವರ್ಷ ಬಯಲಾಯಿತು. ಪ್ರಯೋಗ ಬೇಡ ಅಂದವರ ಮೇಲೆ ನಡೆದದ್ದೂ ಪ್ರಯೋಗವೇ. ಅದನ್ನು ಯಾರೂ ಲೆಕ್ಕ ಇಡಲಿಲ್ಲ, ಕಮಿಟಿ ನೋಡಲಿಲ್ಲ, ಮಧ್ಯದಲ್ಲಿ ನಿಲ್ಲಿಸಿ ಅನ್ನುವವರು ಇರಲಿಲ್ಲ. ನನಗೆ ಭಯ ಆಗುವುದು ಇಂಥದ್ದಕ್ಕೆ.

ಹಾಗಂತ ಸಿಕ್ಕ ಟ್ರಯಲ್‌ಗೆಲ್ಲ ಸೇರಿ ಅಂತ ನಾನು ಹೇಳುತ್ತಿಲ್ಲ. ಮೊದಲ ಹಂತದ ಟ್ರಯಲ್ ಇರುವುದು ಎಷ್ಟು ಡೋಸ್ ತಡೆದುಕೊಳ್ಳಬಹುದು ಅಂತ ನೋಡಲು. ಗುಣ ಆಗುತ್ತದೆ ಅಂತ ಅಲ್ಲಿ ಯಾರೂ ಮಾತು ಕೊಡುವುದಿಲ್ಲ, ಕೊಟ್ಟರೆ ಎದ್ದು ಬನ್ನಿ. ಎರಡನೇ ಹಂತದಲ್ಲಿ ಗಡ್ಡೆ ಕುಗ್ಗುತ್ತದಾ ಅಂತ ನೋಡುತ್ತಾರೆ. ಮೂರನೆಯದರಲ್ಲಿ ಮಾಮೂಲಿ ಚಿಕಿತ್ಸೆಯ ಜೊತೆ ಹೋಲಿಕೆ. 'ಇದು ಎಷ್ಟನೇ ಹಂತ? ಸೇರದಿದ್ದರೆ ಅಮ್ಮನಿಗೆ ಏನು ಕೊಡ್ತೀರಿ?' ಈ ಎರಡು ಪ್ರಶ್ನೆ ಕೇಳಿ, ಉತ್ತರ ಬರೆದುಕೊಳ್ಳಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಜನ ಎಡವುವುದು ಇಲ್ಲೇ. ಬಯಾಪ್ಸಿ ರಿಪೋರ್ಟ್ ಕಾಗದ ಮಾತ್ರ ಹಿಡಿದುಕೊಂಡು ಹೋಗಬೇಡಿ. ಬಯಾಪ್ಸಿಯಲ್ಲಿ ತೆಗೆದ ತುಣುಕನ್ನು ಕೆಡದ ಹಾಗೆ ಫಾರ್ಮಲಿನ್ ದ್ರಾವಣದಲ್ಲಿಟ್ಟು, ಆಮೇಲೆ ಮೇಣದಲ್ಲಿ ಕೂರಿಸುತ್ತಾರೆ. ಎರಡು ಬೆರಳಷ್ಟಗಲದ ಪ್ಲಾಸ್ಟಿಕ್ ಚೌಕಟ್ಟು, ಅಂಚಿನಲ್ಲಿ ನಂಬರ್, ನಡುವೆ ಬಿಳಿ ಮೇಣ, ಅದರೊಳಗೆ ಕಂದು ಚುಕ್ಕೆಯ ಹಾಗೆ ಕಾಣುವುದೇ ನಿಮ್ಮ ಅಮ್ಮನ ಗಡ್ಡೆಯ ತುಣುಕು. ಇದಕ್ಕೆ ಬ್ಲಾಕ್ ಅನ್ನುತ್ತಾರೆ. ಅದರಿಂದ ನಾಲ್ಕೈದು ಮೈಕ್ರಾನ್ ದಪ್ಪದ, ಅಂದರೆ ಕೂದಲಿಗಿಂತ ಎಷ್ಟೋ ತೆಳುವಾದ, ಪದರ ಕೊಯ್ದು, ಗಾಜಿನ ಮೇಲೆ ಹಾಸಿ, ಬಣ್ಣ ಹಾಕಿದರೆ ಸ್ಲೈಡ್. ದೊಡ್ಡ ಕೇಂದ್ರದ ಪೆಥಾಲಜಿಸ್ಟ್ ಬೇರೆಯವರ ರಿಪೋರ್ಟ್ ಓದಿ ಕೀಮೋಗೆ ಹೂಂ ಅನ್ನುವುದಿಲ್ಲ, ಸ್ಲೈಡನ್ನು ತಾವೇ ನೋಡುತ್ತಾರೆ. ಕೆಲವು ಸಲ ಕ್ಯಾನ್ಸರ್‌ನ ಬಗೆಯೇ ಬೇರೆ ಅಂತ ಗೊತ್ತಾಗಿ ಚಿಕಿತ್ಸೆಯೇ ಬದಲಾಗುತ್ತದೆ. ಜೀನ್ ಪರೀಕ್ಷೆ ಬೇಕಾದರೆ ಹೊಸ ಪದರ ಕೊಯ್ಯಬೇಕು, ಅದಕ್ಕೂ ಬ್ಲಾಕ್ ಬೇಕು. ಅದಿಲ್ಲದಿದ್ದರೆ ಅಮ್ಮನಿಗೆ ಮತ್ತೆ ಸೂಜಿ ಚುಚ್ಚಬೇಕಾದೀತು.

ಬಯಾಪ್ಸಿ ಮಾಡಿದ ಲ್ಯಾಬಿಗೆ ನಾಳೆಯೇ ಹೋಗಿ, ಬ್ಲಾಕ್ ಮತ್ತು ಸ್ಲೈಡ್ ಎರಡೂ ಕೇಳಿ. ಪತ್ರ ಕೊಟ್ಟು ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. ಬ್ಲಾಕ್ ಮೇಲಿನ ನಂಬರ್ ರಿಪೋರ್ಟಿನಲ್ಲಿರುವ ನಂಬರಿಗೆ ಸರಿಹೊಂದುತ್ತದಾ ಅಂತ ಅಲ್ಲೇ ನಿಂತು ನೋಡಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ಮೇಣ ಮೆತ್ತಗಾಗುತ್ತದೆ. ಹೊಸ ಆಸ್ಪತ್ರೆಯಲ್ಲಿ ಕೊಟ್ಟಾಗ ರಸೀದಿ ಇಸಕೊಳ್ಳಿ, ಕೆಲಸ ಮುಗಿದ ಮೇಲೆ ವಾಪಸ್ ಕೇಳಿ ತೆಗೆದುಕೊಳ್ಳಿ.