ಬಿಸಿಲಿಗೆ ಗಾಜು ಹರಳುಗಟ್ಟುತ್ತದೆಯೇ?

ಪ್ರಶ್ನೆ: ನಮ್ಮ ಸ್ನಾನದ ಮನೆಯ ಕಿಟಕಿಯ ಗಾಜು ಬರಬರುತ್ತ ಬೆಳ್ಳಗೆ ಮಸುಕಾಗಿದೆ. ಬಿಸಿಲಿನ ಕಾವಿಗೆ ಅದರೊಳಗೆ ಹರಳು ಬೆಳೆಯುತ್ತಿರಬಹುದೇ? – ಕಲಬುರಗಿಯ ಓದುಗರೊಬ್ಬರು

ಇಲ್ಲ. ಗಾಜಿನಲ್ಲಿ ಹರಳು ಬೆಳೆಯುವುದೇನೋ ನಿಜ, ಆದರೆ ಅದಕ್ಕೆ ಕಲಬುರಗಿಯ ಬೇಸಿಗೆಯೂ ಸಾಲದು. ಮರಳು, ಸೋಡಾ, ಸುಣ್ಣಗಳನ್ನು ಕರಗಿಸಿದ ದ್ರವವು, ತನ್ನ ಪರಮಾಣುಗಳು ಕ್ರಮವಾಗಿ ಜೋಡಣೆಗೊಳ್ಳುವ ಮೊದಲೇ ತಣಿದು ಗಟ್ಟಿಯಾದರೆ ಗಾಜಾಗುತ್ತದೆ. ಹರಳಾಗುವ ಒಲವು ಅದರಲ್ಲಿ ಉಳಿದಿದ್ದರೂ, ಸುಮಾರು 550 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಪರಮಾಣುಗಳಿಗೆ ಜಾಗ ಬದಲಿಸಲು ಆಗುವುದಿಲ್ಲ. ನಿಮ್ಮ ಗಾಜಿನ ಮೇಲಿರುವುದು ಬಹುಮಟ್ಟಿಗೆ ಬೋರ್‌ವೆಲ್ಲಿನ ಗಡಸು ನೀರು ಆರಿ ಉಳಿಸಿದ ಸುಣ್ಣ. ನಿಂಬೆರಸ ಹಚ್ಚಿ ಉಜ್ಜಿದರೆ ಬಿಡುತ್ತದೆ. ಬಿಡದಿದ್ದರೆ, ಬಹುಕಾಲದ ತೇವ ಗಾಜಿನ ಮೇಲ್ಪದರದ ಸೋಡಿಯಂ ಅನ್ನು ಹೀರಿ ಅದನ್ನು ಸವೆಸಿದೆ ಎಂದು ತಿಳಿಯಬೇಕು.

ಹರಳು ಹುಟ್ಟಲು ಮೊದಲು ಬೀಜ ಬೇಕು. ಕೆಲವೇ ಪರಮಾಣುಗಳ ಗುಂಪು ಕೂಡಿದೊಡನೆಯೇ ಚದುರಿಹೋಗುತ್ತದೆ. ಒಂದು ಗಾತ್ರವನ್ನು ಮೀರಿದ ಗುಂಪು ಮಾತ್ರ ಉಳಿದು ಬೆಳೆಯುತ್ತದೆ. ಬೀಜ ಹೆಚ್ಚಾಗಿ ಮೂಡುವುದು ಕಡಿಮೆ ಉಷ್ಣತೆಯಲ್ಲಿ, ಅದು ವೇಗವಾಗಿ ಬೆಳೆಯುವುದು ಅದಕ್ಕಿಂತ ಹೆಚ್ಚಿನ ಉಷ್ಣತೆಯಲ್ಲಿ; ಕರಗಿದ ಗಾಜನ್ನು ಈ ಎರಡು ಹಂತಗಳನ್ನೂ ಬೇಗನೆ ದಾಟಿಸಿಬಿಡುವುದೇ ಗಾಜಿನ ಕಾರ್ಖಾನೆಯವರ ಜಾಣ್ಮೆ. ಕಿಟಕಿಯಂಥ ಸಾಮಾನ್ಯ ಗಾಜಿನಲ್ಲಿ ಹರಳು ಒಳಗಿನಿಂದಲ್ಲ, ಧೂಳು ಕುಳಿತ ಅಥವಾ ಗೀರು ಬಿದ್ದ ಮೇಲ್ಮೈಯಿಂದ ಶುರುವಾಗುತ್ತದೆ. ಕಾಲೇಜಿನ ಪ್ರಯೋಗಾಲಯದಲ್ಲಿ ಗಾಜಿನ ನಳಿಗೆಯನ್ನು ಜ್ವಾಲೆಯಲ್ಲಿ ಅತಿಯಾಗಿ ಕಾಯಿಸಿದಾಗ ಅದು ಬೆಳ್ಳಗೆ, ಒರಟಾಗಿ, ಬಗ್ಗಿಸಿದರೆ ಬಿರಿಯುವಂತಾಗುವುದು ಇದರಿಂದಲೇ.

ತಣಿಯುವ ವೇಗದ ಮಹಿಮೆ ನಮ್ಮ ಆಳಂದ, ಬೀದರ್ ಕಡೆಯ ಕಪ್ಪುಕಲ್ಲಿನಲ್ಲೂ ಇದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಆ ಲಾವಾ ದಪ್ಪ ಪದರಗಳ ಒಳಗೆ ನಿಧಾನವಾಗಿ ತಣಿದುದರಿಂದ ಅದರಲ್ಲಿ ಹರಳುಗಳು ಬೆಳೆದವು. ಇಂಥ ಲಾವಾ ಥಟ್ಟನೆ ತಣಿದರೆ ಗಾಜಾಗಿಬಿಡುತ್ತದೆ.

ಹರಳನ್ನು ಬೇಕೆಂದೇ ಬೆಳೆಸುವುದೂ ಉಂಟು. 1950ರ ದಶಕದ ಆರಂಭದಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ಡೊನಾಲ್ಡ್ ಸ್ಟೂಕಿ 600 ಡಿಗ್ರಿಗೆ ಇಟ್ಟಿದ್ದ ಕುಲುಮೆ ಕೆಟ್ಟು 900 ಡಿಗ್ರಿಗೆ ಏರಿತು. ಕರಗಿ ಹೋಗಿರಬೇಕಿದ್ದ ಗಾಜಿನ ಹಲಗೆ ಬಿಳಿಯಾಗಿ ಹೊರಬಂತು, ಕೈಜಾರಿ ಬಿದ್ದರೂ ಒಡೆಯಲಿಲ್ಲ. ಗಾಜಿನ ತುಂಬ ಸಣ್ಣ ಹರಳುಗಳು ಒತ್ತಾಗಿ ಬೆಳೆದಿದ್ದುದೇ ಆ ಗಟ್ಟಿತನಕ್ಕೆ ಕಾರಣ. ಈಗ ಇಂಥ ಗಾಜಿಗೆ ಟೈಟಾನಿಯಂ ಆಕ್ಸೈಡನ್ನು ಬೀಜಕ್ಕೆಂದು ಬೆರೆಸುತ್ತಾರೆ. ಇಂಡಕ್ಷನ್ ಒಲೆಯ ಮೇಲಿನ ಕಪ್ಪು ಫಲಕ ತಯಾರಾಗುವುದು ಹೀಗೆಯೇ.