ಚುಕ್ಕೆ ಎಣಿಸಿದರೆ ಪ್ರೋಟೀನ್ ಎಣಿಸಿದಂತಲ್ಲ

ಪ್ರೋಟೀನ್‌ಗಳಿಗೆ ಹೊಳೆಯುವ ಗುರುತು ಅಂಟಿಸಿ ತೆಗೆದ ಜೀವಕೋಶದ ಚಿತ್ರವೊಂದರಲ್ಲಿ 40 ಚುಕ್ಕೆ ಕಂಡವು ಎನ್ನಿ. ಅಲ್ಲಿ 40 ಪ್ರೋಟೀನ್ ಇವೆಯೇ? ಹಾಗೆ ಹೇಳಲು ಬರುವುದಿಲ್ಲ.

ಎರಡು ಅಣುಗಳ ನಡುವೆ ಸುಮಾರು 200 ನ್ಯಾನೋಮೀಟರ್‌ಗಿಂತ ಕಡಿಮೆ ಅಂತರವಿದ್ದರೆ ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಅವು ಒಂದೇ ಮಸುಕಾಗಿ ಕಾಣುತ್ತವೆ. ಜರ್ಮನ್ ಭೌತವಿಜ್ಞಾನಿ ಅರ್ನ್ಸ್ಟ್ ಅಬೆ 1873ರಲ್ಲೇ ಈ ಮಿತಿಯನ್ನು ವಿವರಿಸಿದ್ದರು. 2006ರಲ್ಲಿ ಅಮೆರಿಕದ ವಿಜ್ಞಾನಿ ಎರಿಕ್ ಬೆಟ್ಜಿಗ್ ಮತ್ತು ಇತರರು ಅದನ್ನು ದಾಟಿದರು. ಅವರ ಉಪಾಯ ಇದು: ಅಣುಗಳೆಲ್ಲ ಒಟ್ಟಿಗೆ ಹೊಳೆಯುವುದು ಬೇಡ, ಒಂದು ಸಲಕ್ಕೆ ಕೆಲವೇ ಹೊಳೆಯಲಿ. ಆಗ ಪ್ರತಿ ಮಸುಕಿನ ನಡುಭಾಗ ಎಲ್ಲಿದೆ ಎಂದು ಲೆಕ್ಕ ಹಾಕಬಹುದು. ಸಾವಿರಾರು ಚಿತ್ರಗಳಿಂದ ಹೀಗೆ ಚುಕ್ಕೆಗಳನ್ನು ಕೂಡಿಸಿದರೆ ಸ್ಪಷ್ಟ ಚಿತ್ರ ಸಿಗುತ್ತದೆ. ಬೆಟ್ಜಿಗ್‌ಗೆ 2014ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಚಿತ್ರವೇನೋ ಬಂತು. ಎಣಿಕೆ ಮಾತ್ರ ಕಷ್ಟವೇ. ತರಗತಿಯಲ್ಲಿ ಹಾಜರಿ ಕೂಗುವಾಗ ಒಬ್ಬನೇ ಮೂರು ಸಲ ‘ಬಂದಿದ್ದೇನೆ’ ಎಂದು, ಇನ್ನೊಬ್ಬ ಬಾಯೇ ಬಿಡದಿದ್ದರೆ ಹೇಗೆ? ಇಲ್ಲೂ ಹಾಗೇ. ಒಂದೇ ಅಣು ಹೊಳೆದು, ಆರಿ, ಮತ್ತೆ ಹೊಳೆಯುತ್ತದೆ. ಕೆಲವು ಪ್ರೋಟೀನ್‌ಗಳಿಗೆ ಹೊಳೆಯುವ ಗುರುತೇ ಅಂಟಿರುವುದಿಲ್ಲ. ಒಂದು ತಪ್ಪು ಲೆಕ್ಕವನ್ನು ಏರಿಸುತ್ತದೆ, ಇನ್ನೊಂದು ಇಳಿಸುತ್ತದೆ.

ತಕ್ಕಡಿ ಸರಿಯಿದೆಯೇ ಎಂದು ನೋಡಲು ಗೊತ್ತಿರುವ ತೂಕವನ್ನೇ ಇಡಬೇಕು, ಅಲ್ವಾ? ಜೀವಕೋಶದೊಳಗೇ ಅಂಥ ತೂಕವೊಂದಿದೆ. ಕೋಶಕೇಂದ್ರದ ಹೊದಿಕೆಯಲ್ಲಿ ಒಳಗೂ ಹೊರಗೂ ಸಾಗಾಟ ನಡೆಯುವ ರಂಧ್ರಗಳಿವೆ. ಪ್ರತಿ ರಂಧ್ರದಲ್ಲೂ ನಪ್96 ಎಂಬ ಪ್ರೋಟೀನ್ ಎಂಟು ಮೂಲೆಗಳಲ್ಲಿ, ಮೂಲೆಗೆ 4ರಂತೆ, ಒಟ್ಟು 32 ಇರುತ್ತದೆ. 2019ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನ ಸಂಶೋಧಕರು ಈ ಪ್ರೋಟೀನ್‌ಗೆ ಗುರುತು ಸೇರಿಸಿದ ಮಾನವ ಜೀವಕೋಶಗಳನ್ನು ಅಳತೆಗೋಲಾಗಿ ಸಿದ್ಧಪಡಿಸಿದರು.

ನನಗೆ ತುಂಬಾ ಇಷ್ಟವಾಗುವುದು ಇದರ ಲೆಕ್ಕ. ಒಂದು ಮೂಲೆ ಕಾಣಬೇಕಾದರೆ ಅಲ್ಲಿನ ನಾಲ್ಕರಲ್ಲಿ ಒಂದಾದರೂ ಹೊಳೆಯಬೇಕು. ಶೇಕಡಾ 50ರಷ್ಟು ಗುರುತು ಕೆಲಸ ಮಾಡಿದರೆ ಎಂಟರಲ್ಲಿ ಸರಾಸರಿ ಏಳೂವರೆ ಮೂಲೆ ಕಾಣುತ್ತವೆ. ಶೇಕಡಾ 30 ಆದರೆ ಆರಕ್ಕೆ ಇಳಿಯುತ್ತದೆ. ಅಂದರೆ ಕಂಡ ಮೂಲೆಗಳನ್ನು ಎಣಿಸಿಯೇ ಕಾಣದ ಅಣುಗಳ ಪಾಲು ತಿಳಿಯುತ್ತದೆ!

ಮುಂದಿನದು ಸುಲಭ. 32 ಪ್ರೋಟೀನಿನ ರಂಧ್ರ ಸರಾಸರಿ 40 ಚುಕ್ಕೆ ಕೊಟ್ಟಿತು ಎನ್ನಿ. ಗೊತ್ತಿಲ್ಲದ ಗುಂಪೊಂದು 20 ಕೊಟ್ಟರೆ ಅಲ್ಲಿ ಸುಮಾರು 16 ಪ್ರೋಟೀನ್ ಇವೆ. ಆದರೆ ಎರಡಕ್ಕೂ ಅದೇ ಗುರುತು, ಅದೇ ಲೇಸರ್, ಅದೇ ಕ್ಯಾಮೆರಾ ವೇಗ ಇರಲೇಬೇಕು. ಲೇಸರ್ ಜಾಸ್ತಿ ಮಾಡಿದರೂ ಅಣು ಮಿನುಗುವ ರೀತಿ ಬದಲಾಗುತ್ತದೆ. ಆಗ ರಂಧ್ರಗಳನ್ನು ಮೊದಲಿನಿಂದ ಎಣಿಸಬೇಕು.