ಯೆಫ್ತಾಹನ ಹರಕೆ: ಯೆಹೂದಿ ಪಂಡಿತರು ಓದಿದ ಬಗೆ

ಬೈಬಲಿನಲ್ಲಿ ಬಲಿ ಅಂದ ಕೂಡಲೇ ಎಲ್ಲರೂ ಅಬ್ರಹಾಮ ತನ್ನ ಮಗ ಇಸಾಕನನ್ನು ಬಲಿ ಕೊಡಲು ಹೊರಟ ಕಥೆಗೆ ಹೋಗುತ್ತಾರೆ. ಅಲ್ಲಿ ಕೊನೇ ಗಳಿಗೆಯಲ್ಲಾದರೂ ದೇವದೂತ ತಡೆಯುತ್ತಾನೆ. ಅದೇ ಬೈಬಲಿನ ನ್ಯಾಯಸ್ಥಾಪಕರು ಎಂಬ ಪುಸ್ತಕದ 11ನೇ ಅಧ್ಯಾಯದಲ್ಲಿ ಯಾರೂ ತಡೆಯುವುದಿಲ್ಲ. ನನಗೆ ಇದೇ ಜಾಸ್ತಿ ಕಷ್ಟದ ಕಥೆ.

ಅಮ್ಮೋನಿಯರ ಮೇಲೆ ಯುದ್ಧಕ್ಕೆ ಹೊರಟ ಇಸ್ರಾಯೇಲಿನ ನಾಯಕ ಯೆಫ್ತಾಹ ಹರಕೆ ಹೊರುತ್ತಾನೆ: ಗೆದ್ದು ಬಂದಾಗ ಮನೆ ಬಾಗಿಲಿಂದ ನನ್ನ ಎದುರಿಗೆ ಬಂದದ್ದು ದೇವರದು, ಅದನ್ನು ಸರ್ವಾಂಗಹೋಮ ಮಾಡುತ್ತೇನೆ. ಗೆದ್ದ. ದಮ್ಮಡಿ ಬಡಿಯುತ್ತ, ಕುಣಿಯುತ್ತ ಎದುರು ಬಂದವಳು ಇದ್ದೊಬ್ಬ ಮಗಳು. ಆಕೆ ಎರಡು ತಿಂಗಳ ಗಡುವು ಕೇಳಿದಳು. ಗೆಳತಿಯರ ಜೊತೆ ಬೆಟ್ಟಕ್ಕೆ ಹೋಗಿ, ಮದುವೆ ಕಾಣದ ತನ್ನ ಬಾಳಿಗೆ ಅತ್ತು ಬಂದಳು. ಆಮೇಲೆ? 39ನೇ ವಚನ ‘ಹರಕೆಯಂತೆ ಮಾಡಿದನು’ ಎಂದಷ್ಟೇ ಹೇಳುತ್ತದೆ. ಕತ್ತಿಯ ಮಾತಿಲ್ಲ, ಬೆಂಕಿಯ ಮಾತಿಲ್ಲ. ಮುಂದಿನ ವಚನದಲ್ಲಿ, ಇಸ್ರಾಯೇಲಿನ ಹೆಣ್ಣುಮಕ್ಕಳು ವರ್ಷಕ್ಕೆ ನಾಲ್ಕು ದಿನ ಅವಳಿಗಾಗಿ ಅಳುವ ಕಟ್ಟಳೆ ಬಂತು ಎಂದಿದೆ.

ಹಳೆಯ ರಬ್ಬಿಗಳು, ಅಂದರೆ ಯೆಹೂದಿ ಧರ್ಮಗುರುಗಳು, ಹುಡುಗಿ ಸತ್ತಳು ಎಂದೇ ಓದಿದರು. ಅವರ ಸಿಟ್ಟು ತಂದೆಯ ಮೇಲೆ. ಒಂಟೆಯೋ ಕತ್ತೆಯೋ ನಾಯಿಯೋ ಎದುರು ಬಂದಿದ್ದರೆ ಅದನ್ನೂ ಅರ್ಪಿಸುತ್ತಿದ್ದೆಯಾ ಎಂದು ಮಿದ್ರಾಶ್ (ರಬ್ಬಿಗಳ ಹಳೆಯ ಬೈಬಲ್ ವ್ಯಾಖ್ಯಾನ) ಕೇಳುತ್ತದೆ. ಆ ಹರಕೆ ಊರ್ಜಿತವೇ ಅಲ್ಲ. ರಬ್ಬಿ ಯೋಹಾನಾನ್ ಪ್ರಕಾರ ಮಗಳ ಬೆಲೆಯಷ್ಟು ಹಣ ಕೊಟ್ಟಿದ್ದರೆ ಮುಗಿಯುತ್ತಿತ್ತು. ಇನ್ನೊಬ್ಬ ರಬ್ಬಿ ರೇಶ್ ಲಾಕಿಶ್ ಅದೂ ಬೇಕಿರಲಿಲ್ಲ ಎನ್ನುತ್ತಾನೆ. ಇನ್ನೊಂದು ಮಿದ್ರಾಶ್, ತನ್ಹುಮಾ, ಮಗಳ ಬಾಯಿಂದಲೇ ವಾದ ಮಾಡಿಸುತ್ತದೆ: ನಮ್ಮ ಮೂಲಪುರುಷ ಯಾಕೋಬನೂ ಎಲ್ಲದರಲ್ಲಿ ಹತ್ತನೇ ಪಾಲು ಕೊಡುತ್ತೇನೆಂದು ಹರಕೆ ಹೊತ್ತಿದ್ದ, ಹನ್ನೆರಡು ಮಕ್ಕಳಲ್ಲಿ ಒಬ್ಬನನ್ನಾದರೂ ಬಲಿ ಕೊಟ್ಟನಾ? ತಂದೆ ಕೇಳಲಿಲ್ಲ.

ಹಾಗಾದರೆ ಹರಕೆ ಬಿಡಿಸುವವರು ಯಾರೂ ಇರಲಿಲ್ಲವೇ? ಇದ್ದ, ಮಹಾಯಾಜಕ ಫೀನೆಹಾಸ. ‘ಅವನಿಗೆ ನನ್ನಿಂದ ಕೆಲಸ ಆಗಬೇಕು, ಅವನೇ ಬರಲಿ’ ಎಂದು ಫೀನೆಹಾಸ ಕೂತ. ‘ನಾನು ಇಸ್ರಾಯೇಲಿನ ನಾಯಕ, ನಾನ್ಯಾಕೆ ಹೋಗಲಿ’ ಎಂದು ಯೆಫ್ತಾಹ ಕೂತ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತೀವಲ್ಲ, ಮಿದ್ರಾಶ್ ಕೂಡ ಇಲ್ಲಿ ಅಂಥದ್ದೇ ಒಂದು ಗಾದೆ ಹೇಳುತ್ತದೆ: ಸೂಲಗಿತ್ತಿಗೂ ಬಸುರಿಗೂ ನಡುವೆ ಮಗು ಹೋಯಿತು. ಇಬ್ಬರಿಗೂ ಶಿಕ್ಷೆಯಾಯಿತಂತೆ. ಫೀನೆಹಾಸನನ್ನು ಪವಿತ್ರಾತ್ಮ ಬಿಟ್ಟುಹೋಯಿತು. ಯೆಫ್ತಾಹನ ಅಂಗಗಳು ಒಂದೊಂದಾಗಿ ಕಳಚಿ ಬಿದ್ದವು. 12:7ರ ಮೂಲದಲ್ಲಿ ಅವನನ್ನು ಗಿಲ್ಯಾದಿನ ‘ಊರುಗಳಲ್ಲಿ’ ಹೂಳಿದರು ಎಂದು ಬಹುವಚನ ಇರುವುದನ್ನು ಇದಕ್ಕೇ ಜೋಡಿಸುತ್ತಾರೆ. ಇಷ್ಟು ಖಾರವಾದ ಓದು ಬೇರೆ ಸಿಗಲಿಕ್ಕಿಲ್ಲ.

ಮಧ್ಯಯುಗದಲ್ಲಿ ಓದು ತಿರುಗುತ್ತದೆ. ಪ್ರೊವಾನ್ಸಿನ ವ್ಯಾಕರಣಕಾರ ದಾವೀದ್ ಕಿಮ್ಹಿ ಹರಕೆಯನ್ನು ಹೀಗೆ ಓದುತ್ತಾನೆ: ‘ದೇವರದಾಗುವುದು, ಅಥವಾ ಹೋಮವಾಗುವುದು’. ಹೀಬ್ರೂವಿನಲ್ಲಿ ‘ಮತ್ತು’ ಎಂದು ಜೋಡಿಸುವ ಅಕ್ಷರಕ್ಕೆ ‘ಅಥವಾ’ ಎಂಬ ಅರ್ಥವೂ ಉಂಟು. ಹಾಗಾಗಿ ಹುಡುಗಿ ಸಾಯಲಿಲ್ಲ. ಮದುವೆಯಿಲ್ಲದೆ ಒಂಟಿ ಮನೆಯಲ್ಲಿ ಉಳಿದಳು. ವರ್ಷಕ್ಕೆ ನಾಲ್ಕು ದಿನ ಹೆಣ್ಣುಮಕ್ಕಳು ಹೋಗಿ ಅವಳೊಡನೆ ಮಾತಾಡಿ ಸಮಾಧಾನ ಹೇಳಿ ಬರುತ್ತಿದ್ದರು.

ಮನಸ್ಸಿಗೆ ಹಿತವಾದ ಓದು, ಅಲ್ವಾ? ಸ್ಪೇನಿನ ರಬ್ಬಿ ನಾಹ್ಮನಿಡೀಸ್ (1194–1270) ಒಪ್ಪುವುದಿಲ್ಲ. ಯಾಜಕಕಾಂಡ 27:29ರ ವ್ಯಾಖ್ಯಾನದಲ್ಲಿ, ತನಗಿಂತ ಹಿಂದಿನ ವ್ಯಾಖ್ಯಾನಕಾರ ಇಬ್ನ್ ಎಜ್ರಾನ ಇದೇ ಬಗೆಯ ಓದನ್ನು ಎತ್ತಿಕೊಂಡು ಕೇಳುತ್ತಾನೆ: ಒಬ್ಬ ಹುಡುಗಿ ಮದುವೆಯಾಗದೆ ಶುದ್ಧವಾಗಿ ದೇವರ ಸೇವೆ ಮಾಡಿಕೊಂಡಿದ್ದರೆ ಅದಕ್ಕೆ ವರ್ಷವರ್ಷವೂ ನಾಲ್ಕು ದಿನ ಅಳುವ ಕಟ್ಟಳೆ ಯಾಕೆ? ಅವಳನ್ನು ನಿಜವಾಗಿಯೇ ಬಲಿ ಕೊಟ್ಟರು. ಯುದ್ಧದಲ್ಲಿ ನಾಯಕನ ಶಪಥಕ್ಕೆ ಇರುವ ಬಲ ತನ್ನ ಹರಕೆಗೂ ಇದೆ ಎಂದು ಯೆಫ್ತಾಹ ತಪ್ಪು ತಿಳಿದ. ಆ ನಾಲ್ಕು ದಿನದ ಅಳುವಿಗೆ ಕಿಮ್ಹಿಗಿಂತ ಇವನ ಉತ್ತರವೇ ಸರಿಹೋಗುತ್ತದೆ ಎನ್ನುವುದು ನನ್ನ ಅನಿಸಿಕೆ.